ಪಾಠದ ಒಳಗಿರುವ ಕಥೆ ಹುಡುಕುವುದು ಹೇಗೆ: ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಒಂಬತ್ತನೇ ತರಗತಿಗೆ ಆರ್ಕಿಮಿಡೀಸ್ ಪಾಠ ಮಾಡಬೇಕಿತ್ತು. ಕಥೆ ಹೇಳುವುದೆಂದರೆ ನನಗೆ ಮೊದಲಿಂದಲೂ ಹುಚ್ಚು. ರಾಜ, ಕಿರೀಟ, ಸ್ನಾನದ ತೊಟ್ಟಿ, 'ಯುರೇಕಾ' ಎಂದು ಕೂಗುತ್ತಾ ಬೀದಿಯಲ್ಲಿ ಬೆತ್ತಲೆ ಓಟ. ಆ ಓಟವನ್ನು ಬೆಂಚುಗಳ ನಡುವೆ ಓಡಿಯೇ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಪಕ್ಕದ ಕೋಣೆಯ ಮೇಷ್ಟ್ರು ಏನಾಯ್ತೋ ಅಂತ ಇಣುಕಿ ಹೋದರು. ಅವತ್ತು ನನಗೆ ನನ್ನ ಬಗ್ಗೆ ಬಹಳ ಹೆಮ್ಮೆ.

ಒಂದು ತಿಂಗಳಾದ ಮೇಲೆ ಕಿರುಪರೀಕ್ಷೆ. 'ಆರ್ಕಿಮಿಡೀಸ್ ತತ್ವವನ್ನು ವಿವರಿಸಿ' ಎಂಬ ಪ್ರಶ್ನೆ. ಹೆಚ್ಚುಕಡಿಮೆ ಎಲ್ಲರ ಉತ್ತರದಲ್ಲೂ ತೊಟ್ಟಿ ಇತ್ತು, ಓಟ ಇತ್ತು. ತತ್ವ ಮಾತ್ರ ಇರಲಿಲ್ಲ. ಒಬ್ಬನಂತೂ ಓಡುತ್ತಿರುವ ಗಡ್ಡದವನ ಚಿತ್ರ ಬರೆದು, ಅಡಿಯಲ್ಲಿ 'ಚಿತ್ರ 1' ಎಂದು ನೀಟಾಗಿ ಹೆಸರು ಕೊಟ್ಟಿದ್ದ.

ಮೊದಲು ಮಕ್ಕಳ ಮೇಲೆ ಸಿಟ್ಟು ಬಂತು. ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು, ಅವರು ನಾನು ಹೇಳಿದ್ದನ್ನೇ ನೆನಪಿಟ್ಟುಕೊಂಡಿದ್ದರು. ನಾನು ಹೇಳಿದ್ದೇ ಓಟದ ಕಥೆ. ಇನ್ನೂ ದೊಡ್ಡ ಎಡವಟ್ಟು ಏನೆಂದರೆ, ಆ ತೊಟ್ಟಿಯ ಕಥೆಯಲ್ಲಿ ಆರ್ಕಿಮಿಡೀಸ್ ತತ್ವ ಇಲ್ಲವೇ ಇಲ್ಲ! ತೊಟ್ಟಿ ತುಂಬಿ ನೀರು ಚೆಲ್ಲಿದ್ದು ಗಾತ್ರದ ವಿಷಯ. ತತ್ವ ಹೇಳುವುದು ನೀರು ವಸ್ತುವನ್ನು ಮೇಲಕ್ಕೆ ತಳ್ಳುವ ಬಲದ ವಿಷಯ. ಎರಡರ ನಡುವಿನ ಸೇತುವೆಯನ್ನು ನಾನು ಕಟ್ಟಿರಲೇ ಇಲ್ಲ.

ಈ ಮಾರ್ಗದರ್ಶಿ ಹುಟ್ಟಿದ್ದು ಆ ಪರೀಕ್ಷೆಯ ಕಟ್ಟಿನಿಂದ. ಪಾಠದ ಪಕ್ಕದಲ್ಲಿ ಕಥೆ ತಂದು ಕೂರಿಸುವುದಲ್ಲ, ಪಾಠದ ಒಳಗೇ ಇರುವ ಕಥೆಯನ್ನು ಹೊರಗೆ ತೆಗೆಯುವುದು ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

## ಮೊದಲು, ಎರಡು ಪ್ರಯೋಗಗಳ ಮಾತು

1969ರಲ್ಲಿ ಗಾರ್ಡನ್ ಬೋವರ್ ಮತ್ತು ಮೈಕಲ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಪದಗಳ 12 ಪಟ್ಟಿ ಕೊಟ್ಟರು. ಒಂದೊಂದರಲ್ಲಿ 10 ಪದ. ಒಂದು ಗುಂಪಿಗೆ ಸುಮ್ಮನೆ ಕಲಿಯಿರಿ ಎಂದರು. ಇನ್ನೊಂದು ಗುಂಪಿಗೆ ಪದಗಳನ್ನು ಪೋಣಿಸಿ ಕಥೆ ಕಟ್ಟಿಕೊಳ್ಳಿ ಎಂದರು. ಪ್ರತಿ ಪಟ್ಟಿ ಮುಗಿದ ಕೂಡಲೇ ಕೇಳಿದಾಗ ಎರಡೂ ಗುಂಪು ಸರಿಸಮ. ಎಲ್ಲರೂ ಬಹುತೇಕ ಎಲ್ಲ ಪದ ಹೇಳಿದರು. ಕೊನೆಗೆ 12 ಪಟ್ಟಿಗಳನ್ನೂ ಒಟ್ಟಿಗೆ ಕೇಳಿದಾಗ ಬಣ್ಣ ಬಯಲಾಯಿತು. ಕಥೆ ಕಟ್ಟಿದವರಿಗೆ ಶೇಕಡಾ 93 ನೆನಪಿತ್ತು, ಸುಮ್ಮನೆ ಕಲಿತವರಿಗೆ ಶೇಕಡಾ 13.

ಇಲ್ಲಿ ನಮಗೆ ಮುಖ್ಯವಾದದ್ದು ಮೊದಲನೇ ಫಲಿತಾಂಶ. ಪಾಠ ಮುಗಿದ ತಕ್ಷಣ 'ಅರ್ಥ ಆಯ್ತಾ?' ಎಂದರೆ ಎಲ್ಲರೂ 'ಆಯ್ತು ಸಾರ್' ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಆದರೆ ಆ ಹೊತ್ತಿನಲ್ಲಿ ಒಳ್ಳೆಯ ಪಾಠಕ್ಕೂ ಕೆಟ್ಟ ಪಾಠಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ಎರಡನೆಯದು ನನ್ನಂಥವರಿಗೆ ಎಚ್ಚರಿಕೆ. 1998ರಲ್ಲಿ ಶಾನನ್ ಹಾರ್ಪ್ ಮತ್ತು ರಿಚರ್ಡ್ ಮೇಯರ್ ಸಿಡಿಲು ಹೇಗೆ ಹುಟ್ಟುತ್ತದೆ ಎಂಬ ಪಾಠವನ್ನು ಎರಡು ಥರ ಓದಿಸಿದರು. ಒಂದು ಬರೀ ಪಾಠ. ಇನ್ನೊಂದರಲ್ಲಿ ಸಿಡಿಲು ಬಡಿದವರ ಕಥೆ, ವಿಮಾನಕ್ಕೆ ಸಿಡಿಲು ಹೊಡೆದ ಕಥೆ ಎಲ್ಲ ಸೇರಿಸಿದ್ದರು. ಮಜವಾದ ಕಥೆ ಇದ್ದದ್ದನ್ನು ಓದಿದವರು ಮುಖ್ಯ ವಿಷಯವನ್ನು ಕಡಿಮೆ ನೆನಪಿಟ್ಟುಕೊಂಡರು. ನನ್ನ ಬೆತ್ತಲೆ ಓಟವೂ ಅದೇ ಜಾತಿಯದು.

## ಹಂತ 1: ಒಂದು ವಾಕ್ಯ ಬರೆದುಕೊಳ್ಳಿ

ಕಥೆ ಹುಡುಕುವ ಮೊದಲು ಪೆನ್ನು ಹಿಡಿಯಿರಿ. ಆರು ತಿಂಗಳಾದ ಮೇಲೂ ಈ ಪಾಠದಲ್ಲಿ ಏನು ಉಳಿಯಬೇಕು? ಒಂದೇ ವಾಕ್ಯ. ಅದರಲ್ಲಿ 'ಯಾಕೆಂದರೆ' ಅಥವಾ 'ಆದ್ದರಿಂದ' ಇರಲೇಬೇಕು.

'ಮಕ್ಕಳು ಅಶೋಕನ ಬಗ್ಗೆ ತಿಳಿಯುತ್ತಾರೆ' ಎಂಬುದು ವಾಕ್ಯವಲ್ಲ, ಪಾಠಯೋಜನೆಯ ಖಾನೆ ತುಂಬುವ ಮಾತು. 'ಅಶೋಕ ಬಂಡೆಗಳ ಮೇಲೆ ಬರೆಸಿದ್ದರಿಂದ, ಅವನ ಮಾತನ್ನು ಎರಡು ಸಾವಿರ ವರ್ಷಗಳ ಮೇಲೂ ನಾವು ನೇರವಾಗಿ ಓದಬಹುದು' ಎನ್ನುವುದು ವಾಕ್ಯ. ಕಾರಣ ಇರುವ ಕಡೆ ಮಾತ್ರ ಕಥೆ ಇರುತ್ತದೆ. ಕಾರಣ ಸಿಗದಿದ್ದರೆ ಆ ಪಾಠಕ್ಕೆ ಕಥೆ ಬೇಡ. ಪರವಾಗಿಲ್ಲ, ಬೇರೆ ದಾರಿಗಳಿವೆ.

ಈ ಒಂದು ಹಂತ ತಪ್ಪಿಸಿದರೆ ಮುಂದಿನದೆಲ್ಲ ವ್ಯರ್ಥ. ನಾನು ತಪ್ಪಿಸಿದ್ದು ಇದನ್ನೇ.

## ಹಂತ 2: ಗಂಟು ಎಲ್ಲಿದೆ ನೋಡಿ

ಪಠ್ಯಪುಸ್ತಕ ಉತ್ತರಗಳ ಕಂತೆ. ಆದರೆ ಒಂದೊಂದು ಉತ್ತರವೂ ಒಂದು ಕಾಲದಲ್ಲಿ ಯಾರದೋ ನಿದ್ದೆಗೆಡಿಸಿದ ಪ್ರಶ್ನೆಯಾಗಿತ್ತು. ಪುಸ್ತಕ ಬರೆಯುವವರು ಜಾಗ ಉಳಿಸಲು ಪ್ರಶ್ನೆಯನ್ನು ಎಸೆದು ಉತ್ತರ ಇಟ್ಟುಕೊಳ್ಳುತ್ತಾರೆ. ನಮ್ಮ ಕೆಲಸ ಆ ಪ್ರಶ್ನೆಯನ್ನು ಕಸದಿಂದ ಎತ್ತಿ ತರುವುದು. ನಾನು ಗಂಟು ಎನ್ನುವುದು ಅದನ್ನೇ. ಹೀಗೆ ಕೇಳಿಕೊಳ್ಳಿ: ಇದನ್ನು ಮೊದಲು ತಿಳಿಯಬೇಕಾದವರು ಯಾರು? ಯಾಕೆ ಬೇಕಿತ್ತು? ಏನು ಅಡ್ಡ ಬಂತು?

ಇತಿಹಾಸದ ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ಇದರಷ್ಟು ಚೆನ್ನಾಗಿ ನಡೆದ ಪಾಠ ನನ್ನ ಲೆಕ್ಕದಲ್ಲಿ ಇನ್ನೊಂದಿಲ್ಲ.

ಪುಸ್ತಕದಲ್ಲಿ ಇರುವುದು ಒಂದು ಸಾಲು: 'ಮಸ್ಕಿ ಶಾಸನದಲ್ಲಿ ಅಶೋಕನ ಹೆಸರಿದೆ.' ಮಕ್ಕಳು ಇದನ್ನು ಬಿಟ್ಟ ಸ್ಥಳ ತುಂಬಲು ಉರು ಹೊಡೆಯುತ್ತಾರೆ. ಹೆಸರಿದ್ದರೆ ಏನೀಗ? ಅಶೋಕನ ಶಾಸನದಲ್ಲಿ ಅಶೋಕನ ಹೆಸರು ಇರದೆ ಇನ್ಯಾರದ್ದಿರುತ್ತದೆ?

ಗಂಟು ಇರುವುದೇ ಅಲ್ಲಿ. ಸುಮಾರು ಇನ್ನೂರು ವರ್ಷಗಳ ಹಿಂದೆ ಈ ದೇಶದಲ್ಲಿ ಬ್ರಾಹ್ಮಿ ಲಿಪಿ ಓದಬಲ್ಲವರು ಒಬ್ಬರೂ ಉಳಿದಿರಲಿಲ್ಲ. ಬಂಡೆ ಇತ್ತು, ಅಕ್ಷರ ಇತ್ತು, ಓದುವವರಿಲ್ಲ. ಕಲ್ಕತ್ತಾದ ಟಂಕಸಾಲೆಯಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ಪ್ರಿನ್ಸೆಪ್ ಸಾಂಚಿ ಸ್ತೂಪದ ಕಲ್ಲುಗಳ ಮೇಲಿನ ಚಿಕ್ಕ ಚಿಕ್ಕ ಬರಹಗಳ ನಕಲು ನೋಡುತ್ತಿದ್ದ. ಬೇರೆ ಬೇರೆ ಸಾಲುಗಳು, ಆದರೆ ಬಹಳಷ್ಟು ಸಾಲುಗಳ ಕೊನೆಯಲ್ಲಿ ಅವೇ ಎರಡು ಅಕ್ಷರ.

ಇಲ್ಲಿ ನಾನು ನಿಲ್ಲಿಸಿ ಕೇಳುತ್ತೇನೆ. 'ನಿಮ್ಮೂರಿನ ದೇವಸ್ಥಾನದ ಫ್ಯಾನಿನ ಮೇಲೆ, ಟ್ಯೂಬ್‌ಲೈಟಿನ ಮೇಲೆ ಏನು ಬರೆದಿರುತ್ತದೆ?' ತರಗತಿ ಒಟ್ಟಿಗೆ ಕೂಗುತ್ತದೆ, 'ಹೆಸರು ಸಾರ್!' 'ಹೆಸರಿನ ಕೊನೆಗೆ?' 'ಇವರ ಸೇವೆ', 'ಕೊಡುಗೆ', 'ದಾನ'. ಅಷ್ಟೇ. ಪ್ರಿನ್ಸೆಪ್ ಊಹಿಸಿದ್ದೂ ಅದನ್ನೇ. ಆ ಪದ 'ದಾನಂ' ಇರಬೇಕು. ಅಲ್ಲಿಂದ ಒಂದೊಂದೇ ಅಕ್ಷರ ಬಿಡಿಸಿಕೊಂಡು 1837ರಲ್ಲಿ ಬ್ರಾಹ್ಮಿಯನ್ನು ಓದಿದ. ನಮ್ಮ ಮಕ್ಕಳಿಗೆ ಫ್ಯಾನ್ ನೋಡಿ ಸಿಕ್ಕಿದ ಉತ್ತರ ಅವನಿಗೆ ಕಲ್ಲು ನೋಡಿ ಸಿಕ್ಕಿತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ದೇಶದ ಉದ್ದಗಲಕ್ಕೂ ಬಂಡೆಗಳಲ್ಲಿ ಮಾತಾಡುತ್ತಿದ್ದವನ ಹೆಸರು 'ದೇವಾನಂಪಿಯ ಪಿಯದಸಿ'. ದೇವರಿಗೆ ಪ್ರಿಯನಾದವನು. ಯಾರಿವನು? ಪ್ರಿನ್ಸೆಪ್ ಮೊದಲು ಶ್ರೀಲಂಕಾದ ರಾಜ ಇರಬೇಕೆಂದುಕೊಂಡ. ಅಲ್ಲಿ ಕೆಲಸದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥವೊಂದರಲ್ಲಿ ಹುಡುಕಿ, ಪಿಯದಸಿ ಎಂದರೆ ಅಶೋಕನೇ ಎಂದು ತೋರಿಸಿದ. ಆದರೆ ಗ್ರಂಥ ಹೇಳಿದ್ದು ಬೇರೆ, ಬಂಡೆಯೇ ಹೇಳುವುದು ಬೇರೆ. ಬಂಡೆ ಬಾಯಿ ಬಿಡಲು 1915ರವರೆಗೆ ಕಾಯಬೇಕಾಯಿತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಆಗಿನ ಹೈದರಾಬಾದ್ ನಿಜಾಮರ ಸೀಮೆಯಲ್ಲಿ, ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಬಂದ. ಹತ್ತಿರದಲ್ಲೇ ಹಟ್ಟಿಯ ಗಣಿ ಇದೆ, ನೆನಪಿಸಿ. ಅವನ ಕಣ್ಣಿಗೆ ಬಿದ್ದ ಬಂಡೆಯಲ್ಲಿ 'ದೇವಾನಂಪಿಯಸ ಅಸೋಕಸ' ಎಂದಿತ್ತು.

ಈಗ ಪುಸ್ತಕ ತೆರೆಸಿ ಆ ಒಂದು ಸಾಲು ಓದಿಸಿ. ಮಕ್ಕಳ ಮುಖ ನೋಡಿ.

ಕಥೆ ಪೂರ್ತಿ ಪಾಠದ್ದೇ. ಹೊರಗಿಂದ ತಂದದ್ದು ಫ್ಯಾನ್ ಒಂದೇ. ಅದೂ ಗಂಟು ಬಿಚ್ಚುವುದಕ್ಕೇ.

## ಹಂತ 3: 'ಆಮೇಲೆ'ಗಳನ್ನು ಕಿತ್ತು ಹಾಕಿ

ಕಥೆಯನ್ನು ಏಳೆಂಟು ಸಾಲಲ್ಲಿ ಬರೆದುಕೊಳ್ಳಿ. ಎರಡು ಸಾಲುಗಳ ನಡುವೆ ಯಾವ ಪದ ಬರುತ್ತದೆ ನೋಡಿ. 'ಆಮೇಲೆ', 'ಆಮೇಲೆ' ಅಂತಲೇ ಬರುತ್ತಿದ್ದರೆ ಅದು ಕಥೆಯಲ್ಲ, ವರದಿ. 'ಆದರೆ' ಮತ್ತು 'ಅದಕ್ಕೇ' ಬರಬೇಕು.

ನನ್ನ ಆರ್ಕಿಮಿಡೀಸ್ ಕಥೆಯನ್ನು ಹೀಗೆ ಬಿಚ್ಚಿ ಹೊಲಿದೆ. ಕಿರೀಟದ ಚಿನ್ನಕ್ಕೆ ಅಕ್ಕಸಾಲಿ ಬೆಳ್ಳಿ ಬೆರೆಸಿದ್ದಾನೆಂದು ರಾಜನಿಗೆ ಅನುಮಾನ. ಆದರೆ ಅದು ದೇವರಿಗೆ ಒಪ್ಪಿಸಬೇಕಾದ ಕಿರೀಟ, ಕರಗಿಸುವ ಹಾಗಿಲ್ಲ. ಅದಕ್ಕೇ ಆರ್ಕಿಮಿಡೀಸನನ್ನು ಕರೆಸಿದ. ತೂಕ ನೋಡಿದರೆ ಸರಿಯಾಗಿದೆ. ಆದರೆ ಬೆಳ್ಳಿ ಚಿನ್ನಕ್ಕಿಂತ ಹಗುರ, ಅದೇ ತೂಕಕ್ಕೆ ಜಾಸ್ತಿ ಜಾಗ ಬೇಕು. ಅದಕ್ಕೇ ಕಲಬೆರಕೆ ಕಿರೀಟ ಹೆಚ್ಚು ನೀರು ಚೆಲ್ಲಬೇಕು. ತೊಟ್ಟಿಯಲ್ಲಿ ಹೊಳೆದದ್ದು ಇಷ್ಟೇ.

ಹಿಂದೆ ನಾನು ಇಲ್ಲಿಗೆ ಮುಗಿಸುತ್ತಿದ್ದೆ. ಈಗ ಇನ್ನೊಂದು 'ಆದರೆ' ಇದೆ. ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸುತ್ತೇನೆ. ಕಿರೀಟ 1 ಕಿಲೋ ಅಂದುಕೊಳ್ಳಿ. ಶುದ್ಧ ಚಿನ್ನವಾದರೆ ಸುಮಾರು 52 ಮಿಲಿಲೀಟರ್ ನೀರು ಸರಿಸುತ್ತದೆ. ಶೇಕಡಾ 30 ಬೆಳ್ಳಿ ಬೆರೆಸಿದ್ದರೆ ಸುಮಾರು 65. ವ್ಯತ್ಯಾಸ ಬರೀ 13 ಮಿಲಿಲೀಟರ್, ಎರಡೂವರೆ ಚಮಚ. 20 ಸೆಂಟಿಮೀಟರ್ ಅಗಲದ ಪಾತ್ರೆಯಲ್ಲಿ ನೀರಿನ ಮಟ್ಟಕ್ಕೆ ಅರ್ಧ ಮಿಲಿಮೀಟರಿನಷ್ಟೂ ವ್ಯತ್ಯಾಸ ಬರುವುದಿಲ್ಲ. ಯಾರ ಕಣ್ಣಿಗೆ ಕಾಣುತ್ತೆ ಅದು? ಹಾಗಾದರೆ ಕಳ್ಳತನ ಹಿಡಿಯುವುದು ಹೇಗೆ?

1586ರಲ್ಲಿ, 22 ವರ್ಷದ ಗೆಲಿಲಿಯೋಗೂ ಇದೇ ಅನುಮಾನ ಬಂದಿತ್ತು. ಆರ್ಕಿಮಿಡೀಸನಂಥ ಬುದ್ಧಿವಂತ ಇಷ್ಟು ಒರಟು ಅಳತೆ ನಂಬಿರಲಾರ, ತಕ್ಕಡಿಯನ್ನು ನೀರಿನಲ್ಲಿ ಬಳಸಿರಬೇಕು ಎಂದು ಅವನು ಬರೆದ. ಒಂದು ಕಡೆ ಕಿರೀಟ, ಇನ್ನೊಂದು ಕಡೆ ಅಷ್ಟೇ ತೂಕದ ಚಿನ್ನ. ಗಾಳಿಯಲ್ಲಿ ಸಮ. ನೀರಲ್ಲಿ ಮುಳುಗಿಸಿದರೆ ಹೆಚ್ಚು ನೀರು ಸರಿಸಿದ್ದನ್ನು ನೀರು ಹೆಚ್ಚು ಮೇಲಕ್ಕೆ ತಳ್ಳುತ್ತದೆ. ಕಲಬೆರಕೆ ಕಿರೀಟದ ಕಡೆ ಮೇಲೇಳುತ್ತದೆ. ಈಗ ತತ್ವ ಕಥೆಯ ಒಳಗೇ ಬಂದು ಕೂತಿತು. ಅದಿಲ್ಲದೆ ಕಳ್ಳ ಸಿಗುವುದೇ ಇಲ್ಲ.

ಇದನ್ನು ತರಗತಿಯಲ್ಲಿ ತೋರಿಸಲು ಚಿನ್ನ ಬೇಡ. ಒಂದು ಕೋಲು, ದಾರ, ಒಂದು ಕಲ್ಲು, ಕಲ್ಲಿನ ತೂಕಕ್ಕೆ ಸಮನಾಗಿ ಒಂದು ಪೊಟ್ಟಣ ಕಬ್ಬಿಣದ ನಟ್ಟು. ಗಾಳಿಯಲ್ಲಿ ಸಮ ಮಾಡಿ, ಎರಡನ್ನೂ ಎರಡು ಮಗ್ ನೀರಿನಲ್ಲಿ ಇಳಿಬಿಡಿ. ಕಲ್ಲಿನ ಕಡೆ ಮೇಲೆದ್ದು ಬರುತ್ತದೆ. ಪೊಟ್ಟಣ ಬಲೆಯದ್ದಿರಲಿ. ಪ್ಲಾಸ್ಟಿಕ್ ಕವರಾದರೆ ಒಳಗೆ ಗಾಳಿ ಉಳಿದು ಮಾನ ಹೋಗುತ್ತದೆ. ನನ್ನದು ಒಮ್ಮೆ ಹೋಗಿದೆ.

## ಹಂತ 4: ಒಂದು ವಸ್ತು ಸಾಕು

ಪಾತ್ರದ ಹೆಸರು, ಊರು, ಕಾಲ, ಇಷ್ಟು ಎರಡು ವಾಕ್ಯದಲ್ಲಿ ಮುಗಿಯಲಿ. ಮಕ್ಕಳ ಕಣ್ಣಿಗೆ ಕಟ್ಟುವುದು ವಸ್ತು. ಫ್ಯಾನು, ತಕ್ಕಡಿ, ಒಂದು ಹೂವು.

ಹೂವು ಅಂದಾಗ ನೆನಪಾಯಿತು. 1150ರಲ್ಲಿ ಭಾಸ್ಕರಾಚಾರ್ಯರು ಬರೆದ ಲೀಲಾವತಿಯಲ್ಲಿ ಒಂದು ತಾವರೆಯ ಲೆಕ್ಕ ಇದೆ. ಕೊಳದಲ್ಲಿ ತಾವರೆಯ ತುದಿ ನೀರಿನಿಂದ ಅರ್ಧ ಮೊಳ ಮೇಲಿದೆ. ಗಾಳಿ ಬೀಸಿ ನಿಧಾನಕ್ಕೆ ಬಾಗಿ, ಎರಡು ಮೊಳ ದೂರದಲ್ಲಿ ಮುಳುಗಿತು. ಕೊಳದ ಆಳ ಎಷ್ಟು? ಇದಕ್ಕೆ ಪಾತ್ರವೇ ಬೇಡ. 'ನೀರಿಗೆ ಇಳಿಯದೆ ಆಳ ಹೇಳಬೇಕು' ಎಂದರೆ ಸಾಕು, ಗಂಟು ತಯಾರು. ಮೊಳ ಗೊತ್ತಿಲ್ಲದವರಿಗೆ ಹೂ ಮಾರುವವರ ಕೈ ನೆನಪಿಸಿ. ಆಳ, ಎರಡು ಮೊಳ, ಬಾಗಿದ ದಂಟು, ಮೂರೂ ಸೇರಿ ಲಂಬಕೋನ ತ್ರಿಭುಜ ಆಗುವುದನ್ನು ಮಕ್ಕಳೇ ಕಂಡುಹಿಡಿಯಲಿ. ಉತ್ತರ ಮೂರೂಮುಕ್ಕಾಲು ಮೊಳ.

## ಹಂತ 5: ನಿಲ್ಲಿಸುವ ಜಾಗ ಗುರುತು ಮಾಡಿ

ಅಜ್ಜಿ ಕಥೆ ಹೇಳುವಾಗ ನಾವು 'ಹೂಂ' ಅನ್ನಬೇಕಿತ್ತು, ಅಲ್ವಾ? ಹೂಂಗುಟ್ಟುವವರು ಇಲ್ಲದಿದ್ದರೆ ಅಜ್ಜಿ ಕಥೆ ನಿಲ್ಲಿಸಿಬಿಡುತ್ತಿದ್ದಳು. ಮಕ್ಕಳು ನಿದ್ದೆ ಹೋದರೋ ಎಚ್ಚರ ಇದ್ದಾರೋ ತಿಳಿಯಲು ಅವಳ ಬಳಿ ಇದ್ದ ಪರೀಕ್ಷೆ ಅದು.

ತರಗತಿಯಲ್ಲಿ ನಲವತ್ತು ಮಕ್ಕಳು ಹೂಂಗುಟ್ಟಿದರೆ ಹೆಡ್ಮಾಸ್ಟರು ಬರುತ್ತಾರೆ. ಅದರ ಬದಲು ಕಥೆಯನ್ನು ಎರಡು ಕಡೆ ನಿಲ್ಲಿಸಿ. ಮೂರಾದರೆ ಜಾಸ್ತಿ, ಕಥೆ ಕುಂಟುತ್ತದೆ. ಗಂಟು ಬಿಗಿಯಾದ ಕೂಡಲೇ ಒಮ್ಮೆ, ಬಿಚ್ಚುವ ಮುಂಚೆ ಒಮ್ಮೆ. 'ನೀನಾಗಿದ್ದರೆ ಏನು ಮಾಡುತ್ತಿದ್ದೆ?' ಎಂದು ಕೇಳಿ ಬಾಯಿ ಮುಚ್ಚಿಕೊಂಡು ನಿಲ್ಲಿ. ಹತ್ತು ಸೆಕೆಂಡ್ ಮೌನ ನಮಗೆ ಯುಗದ ಹಾಗೆ ಅನಿಸುತ್ತದೆ. ತಡೆದುಕೊಳ್ಳಿ.

ಬಂದ ಉತ್ತರಗಳನ್ನೆಲ್ಲ ಬೋರ್ಡಿನ ಒಂದು ಮೂಲೆಯಲ್ಲಿ ಬರೆಯಿರಿ, ತಪ್ಪಿದ್ದರೂ. ಕಿರೀಟದ ಪಾಠದಲ್ಲಿ ಒಬ್ಬಳು 'ಒರೆಗಲ್ಲಿಗೆ ಉಜ್ಜಿ ನೋಡಬಹುದಲ್ಲ ಸಾರ್' ಎಂದಳು. ನಾನು ಯೋಚಿಸಿಯೇ ಇರಲಿಲ್ಲ! ಒರೆಗಲ್ಲು ಮೇಲ್ಮೈ ಮಾತ್ರ ಹೇಳುತ್ತದೆ, ಒಳಗೆ ಬೆಳ್ಳಿ ತುಂಬಿದ್ದರೆ ತಿಳಿಯದು ಅಂತ ಇನ್ನೊಬ್ಬನೇ ಉತ್ತರ ಕೊಟ್ಟ. ಆ ಐದು ನಿಮಿಷ ನನ್ನ ಇಡೀ ಕಥೆಗಿಂತ ಚೆನ್ನಾಗಿತ್ತು.

## ಹಂತ 6: ಹೇಳುವಾಗ

ಪುಸ್ತಕ ನೋಡಿ ಓದಬೇಡಿ. ಹಾಗಂತ ಬಾಯಿಪಾಠವೂ ಬೇಡ. ತಾಳಮದ್ದಲೆ ಕೇಳಿದವರಿಗೆ ಗೊತ್ತು, ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಆ ಪದ್ಯದ ಮೇಲೆ ಆಗಿಂದಾಗ್ಗೆ ಮಾತು ಕಟ್ಟುತ್ತಾನೆ. ಪದ್ಯ ಬದಲಾಗದು, ಅರ್ಥ ಪ್ರತಿ ರಾತ್ರಿ ಹೊಸದು. ನೀವು ಬರೆದ ಏಳೆಂಟು ಸಾಲೇ ಪದ್ಯ. ಅವುಗಳ ಮೊದಲ ಪದಗಳನ್ನು ಅಂಗೈಯಗಲದ ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ. ಉಳಿದದ್ದು ಎದುರಿಗಿರುವ ಮುಖಗಳನ್ನು ನೋಡಿ ಬರಲಿ.

ಧ್ವನಿ ಏರಿಸಿ ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಒಂದೇ, ಗಂಟು ಬಂದಾಗ ಧ್ವನಿ ತಗ್ಗಿಸಿ. ಹಿಂದಿನ ಬೆಂಚು ಮುಂದಕ್ಕೆ ಬಾಗುತ್ತದೆ. ಮಾತು ಮಕ್ಕಳ ಮನೆಯ ಕನ್ನಡದಲ್ಲಿರಲಿ. ಕಲಬುರಗಿಯ ಮಗುವಿಗೆ ಮೈಸೂರಿನ ಪುಸ್ತಕದ ಕನ್ನಡದಲ್ಲಿ ಕಥೆ ಹೇಳಿದರೆ ಅದು ಕಥೆಯಂತೆ ಕೇಳಿಸುವುದಿಲ್ಲ, ಸುತ್ತೋಲೆಯಂತೆ ಕೇಳಿಸುತ್ತದೆ. ಪಾರಿಭಾಷಿಕ ಪದ ಬೋರ್ಡಿಗೆ ಬಂದಾಗ ಪುಸ್ತಕದ ಭಾಷೆಗೆ ಬದಲಾದರೆ ಸಾಕು.

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಕಥೆ ಹತ್ತು ಹನ್ನೆರಡು ನಿಮಿಷ ಮೀರದಿರಲಿ. ನಗು ಬಂದಷ್ಟೂ ಎಳೆಯುವ ಚಪಲ ಬರುತ್ತದೆ. ಗಡಿಯಾರ ನೋಡಿ.

## ಹಂತ 7: ಕಥೆಯಿಂದ ಹೊರಗೆ ಬನ್ನಿ

ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. 'ಕಥೆ ಆಯ್ತು, ಈಗ ಪಾಠಕ್ಕೆ ಬರೋಣ' ಎಂದ ಕ್ಷಣ ಮಕ್ಕಳ ತಲೆಯಲ್ಲಿ ಎರಡೂ ಬೇರೆಯಾಗುತ್ತವೆ. ಆ ವಾಕ್ಯ ಬಾಯಿಂದ ಬರಲೇಬಾರದು.

ಬದಲಿಗೆ ಕಥೆಯ ವಸ್ತುಗಳ ಮೇಲೆಯೇ ಪಾಠದ ಪದಗಳನ್ನು ಅಂಟಿಸಿ. ಬೋರ್ಡಿನಲ್ಲಿ ತಕ್ಕಡಿಯ ಚಿತ್ರ ಇದೆಯಲ್ಲ, ಅದರ ಪಕ್ಕದಲ್ಲಿ ಮೇಲ್ಮುಖ ಬಾಣ ಹಾಕಿ 'ಪ್ಲವನ ಬಲ' ಎಂದು ಬರೆಯಿರಿ. ಚೆಲ್ಲಿದ ನೀರಿನ ಕೆಳಗೆ 'ಪಲ್ಲಟಗೊಂಡ ದ್ರವದ ತೂಕ' ಎಂದು ಬರೆಯಿರಿ. ಎರಡರ ನಡುವೆ ಸಮ ಚಿಹ್ನೆ. ತತ್ವ ಮುಗಿಯಿತು. ಆಮೇಲೆ ಕಥೆಯಲ್ಲಿ ಇಲ್ಲದ ಒಂದು ಸಂದರ್ಭಕ್ಕೆ ಜಿಗಿಯಿರಿ. ಬಾವಿಯಲ್ಲಿ ಮುಳುಗಿರುವ ಕೊಡ ಹಗುರ, ನೀರಿಂದ ಮೇಲೆ ಬಂದ ಕೂಡಲೇ ಭಾರ ಆಗುವುದೇಕೆ? ಹೀಗೆ ಜಿಗಿಸದಿದ್ದರೆ ತತ್ವ ಕಿರೀಟಕ್ಕೇ ಅಂಟಿಕೊಂಡು ಉಳಿಯುತ್ತದೆ. ಉಳಿದ ಸಮಯವೆಲ್ಲ ಸಾದಾ ಅಭ್ಯಾಸ. ಲೆಕ್ಕ ಬಿಡಿಸುವುದಕ್ಕೆ ಕಥೆ ಬದಲಿಯಲ್ಲ.

## ಹಂತ 8: ಮರುದಿನ ಅವರ ಬಾಯಿಂದ ಕೇಳಿ

ಮರುದಿನ ಮೊದಲ ಐದು ನಿಮಿಷ, ಪುಸ್ತಕ ಮುಚ್ಚಿ, ಒಬ್ಬರು ಶುರು ಮಾಡಲಿ. ಒಂದು ವಾಕ್ಯಕ್ಕೆ ನಿಲ್ಲಿಸಿ ಪಕ್ಕದವರಿಗೆ ದಾಟಿಸಲಿ. ನೀವು ಹೂಂಗುಟ್ಟಿ.

ಗಮನ ಇಟ್ಟು ಕೇಳಿ, ಯಾಕೆಂದರೆ ಕಥೆ ಬಾಯಿಂದ ಬಾಯಿಗೆ ಹೋಗುವಾಗ ರೂಪ ಬದಲಿಸುತ್ತದೆ. ಬ್ರಿಟನ್ನಿನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ತೋರಿಸಿದ್ದರು. ತಮಗೆ ಹೊಸದಾದ ಒಂದು ಜನಪದ ಕಥೆಯನ್ನು ಜನ ಮತ್ತೆ ಹೇಳುವಾಗ, ಅರ್ಥವಾಗದ ಭಾಗ ಬಿಟ್ಟು, ಗೊತ್ತಿರುವ ವಸ್ತು ಸೇರಿಸಿ, ತಮ್ಮದಾಗಿಸಿಕೊಳ್ಳುತ್ತಿದ್ದರು. ಮಕ್ಕಳು ಎಲ್ಲಿ ಬಿಟ್ಟರು, ಎಲ್ಲಿ ಸೇರಿಸಿದರು ಎಂಬುದೇ ನಿಮಗೆ ಎಕ್ಸ್‌ರೇ. ಮಸ್ಕಿ ಪಾಠದ ಮರುದಿನ ಒಬ್ಬ 'ಪ್ರಿನ್ಸೆಪ್ ಮಸ್ಕಿಗೆ ಬಂದು ಓದಿದ' ಎಂದ. 1837 ಮತ್ತು 1915ರ ನಡುವಿನ 78 ವರ್ಷ ಅವನ ತಲೆಯಲ್ಲಿ ಇರಲಿಲ್ಲ. ನಾನು ಕಾಲರೇಖೆ ಎಳೆದಿರಲಿಲ್ಲ, ತಪ್ಪು ನನ್ನದೇ.

ವಾರ ಬಿಟ್ಟು ಇನ್ನೊಮ್ಮೆ, ತಿಂಗಳು ಬಿಟ್ಟು ಮತ್ತೊಮ್ಮೆ ಕೇಳಿ. ಹಂತ 1ರ ವಾಕ್ಯ ಬರೆದಿಟ್ಟಿದ್ದೀರಲ್ಲ, ಅದು ಅವರ ಬಾಯಲ್ಲಿ ಬಂದರೆ ಪಾಠ ನಿಂತಿದೆ.

## ನಿಜ ಎಷ್ಟು, ಕಟ್ಟುಕಥೆ ಎಷ್ಟು

ತೊಟ್ಟಿಯ ಕಥೆ ನಮಗೆ ಸಿಕ್ಕಿದ್ದು ರೋಮಿನ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿಯ ಬರಹದಿಂದ. ಅವನು ಬರೆದದ್ದು ಆರ್ಕಿಮಿಡೀಸ್ ಸತ್ತು ಸುಮಾರು ಎರಡು ಶತಮಾನ ಕಳೆದ ಮೇಲೆ. ನ್ಯೂಟನ್ ಸೇಬು ಬೀಳುವುದನ್ನು ನೋಡಿ ಯೋಚಿಸಿದೆ ಎಂದು ಮುಪ್ಪಿನಲ್ಲಿ ತನ್ನ ಪರಿಚಿತರಿಗೆ ಹೇಳಿದ್ದು ದಾಖಲಾಗಿದೆ. ಆದರೆ ತಲೆ ಮೇಲೆ ಬಿತ್ತು ಎನ್ನುವುದು ಆಮೇಲಿನವರ ಸೇರ್ಪಡೆ.

ಹಾಗಂತ ಹೇಳಬಾರದು ಅಂತಲ್ಲ. 'ಹೀಗೆ ನಡೆಯಿತು' ಮತ್ತು 'ಹೀಗಂತಾರೆ' ಎರಡನ್ನೂ ಬೇರೆ ಬೇರೆ ಧ್ವನಿಯಲ್ಲಿ ಹೇಳಿದರೆ ಆಯಿತು. ಹತ್ತನೇ ತರಗತಿಯವರಾದರೆ 'ಇದು ನಿಜ ಇರಬಹುದಾ?' ಎಂಬುದೇ ಒಳ್ಳೆಯ ಗಂಟು. ಗೊತ್ತಿದ್ದೂ ಬೇಕಂತಲೇ ಸುಳ್ಳು ಸೇರಿಸಬೇಡಿ. ಮಕ್ಕಳು ಮುಂದೊಂದು ದಿನ ಫೋನಿನಲ್ಲಿ ಹುಡುಕುತ್ತಾರೆ.

ಇನ್ನೊಂದು ಸೂಕ್ಷ್ಮ. ಕಿರೀಟದ ಕಥೆ ಹೇಳುವಾಗ 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂಬ ಗಾದೆ ನಾಲಿಗೆ ತುದಿಗೆ ಬರುತ್ತದೆ. ನುಂಗಿಕೊಳ್ಳಿ. ಮೂರನೇ ಬೆಂಚಿನಲ್ಲಿ ಆ ಕೆಲಸದವರ ಮಗಳೇ ಕೂತಿರಬಹುದು. ಹಾಗೆಯೇ ಎದುರಿಗಿರುವ ಮಗುವಿನ ಮನೆಯ ಕಷ್ಟ, ಕುಡುಕ ಅಪ್ಪ, ಸಾಲ, ಜಾತಿ, ಇವು ಯಾವತ್ತೂ ಉದಾಹರಣೆಗೆ ಬರಬಾರದು. 'ಒಬ್ಬ ದಡ್ಡ ಹುಡುಗನಿದ್ದ' ಎಂದು ಶುರುವಾಗುವ ಕಥೆಗಳನ್ನೂ ಬಿಟ್ಟುಬಿಡಿ. ಆ ಹುಡುಗ ತಾನೇ ಎಂದು ಯಾರೋ ಒಬ್ಬ ಅಂದುಕೊಂಡಿರುತ್ತಾನೆ.

## ಕಥೆ ಬೇಡವಾದ ದಿನಗಳು

ಮಗ್ಗಿ, ಸಂಧಿ ಬಿಡಿಸುವುದು, ಸಮೀಕರಣ ಸರಿದೂಗಿಸುವುದು, ಇವಕ್ಕೆ ಕೈ ಪಳಗಬೇಕು. ಕಥೆ ಅಲ್ಲಿ ಸಮಯ ತಿನ್ನುತ್ತದೆ. ಪರೀಕ್ಷೆಯ ಹಿಂದಿನ ವಾರವೂ ಹೊಸ ಕಥೆ ಬೇಡ, ಹಳೆಯದನ್ನೇ ಕೇಳಿ. ದಿನಕ್ಕೊಂದು ಕಥೆ ಹೇಳಿದರೆ ಕಥೆಗೂ ಬೆಲೆ ಹೋಗುತ್ತದೆ. ನಾನು ಒಂದು ಘಟಕಕ್ಕೆ ಒಂದು ದೊಡ್ಡ ಕಥೆ ಎಂದು ಇಟ್ಟುಕೊಂಡಿದ್ದೇನೆ.

## ಕಥೆಗಳ ನೋಟ್‌ಬುಕ್

ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಎಡ ಪುಟದಲ್ಲಿ ಹಂತ 1ರ ವಾಕ್ಯ ಮತ್ತು ಏಳೆಂಟು ಸಾಲು. ಬಲ ಪುಟ ಖಾಲಿ. ಪಾಠ ಆದ ಮೇಲೆ ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು, ಯಾವ ಪ್ರಶ್ನೆ ಕೇಳಿದರು ಅಂತ ಅಲ್ಲಿ ಬರೆಯಿರಿ. ಮುಂದಿನ ವರ್ಷ ಅದೇ ನಿಮ್ಮ ಬಂಡವಾಳ.

ಸರಕಿಗೆ ದೂರ ಹೋಗಬೇಕಿಲ್ಲ. ವಿದ್ಯುತ್ ಪಾಠಕ್ಕೆ ಶಿವನಸಮುದ್ರ ಇದೆ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ರಾಜಧಾನಿ ಮೈಸೂರನ್ನೂ ಬಿಟ್ಟು, ಬೆಂಗಳೂರನ್ನೂ ಬಿಟ್ಟು ಗಣಿಗೆ ಯಾಕೆ ಮೊದಲು? ಅಷ್ಟು ದೂರ ತಂತಿಯಲ್ಲಿ ಕಳಿಸಿದರೆ ದಾರಿಯಲ್ಲೇ ಬಿಸಿಯಾಗಿ ಸೋರಿಹೋಗುವುದಿಲ್ಲವೇ? ಒಂದು ಪ್ರಶ್ನೆ ಸಮಾಜಕ್ಕೆ, ಇನ್ನೊಂದು ವಿಜ್ಞಾನಕ್ಕೆ. ಭಿನ್ನರಾಶಿಗೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ಮುತ್ತಿನ ಸರ ಇದೆ. ಹರಿದ ಸರದ ಮುತ್ತುಗಳಲ್ಲಿ ಮೂರನೇ ಒಂದು ಭಾಗ ಒಂದು ಕಡೆ, ಆರನೇ ಒಂದು ಭಾಗ ಇನ್ನೊಂದು ಕಡೆ, ಉಳಿದದ್ದರಲ್ಲಿ ಅರ್ಧ, ಮತ್ತೆ ಅರ್ಧ, ಹೀಗೆ ಆರು ಸಲ ಚೆಲ್ಲಿ, ಕೊನೆಗೆ ದಾರದಲ್ಲಿ ಉಳಿದದ್ದು 1161. ಒಟ್ಟು ಎಷ್ಟು? ಉತ್ತರ 1,48,608. ಸರ ಹರಿದದ್ದು ಗಂಡ ಹೆಂಡಿರ ಸರಸದ ಜಗಳದಲ್ಲಿ. ಆ ಭಾಗವನ್ನು ತರಗತಿಗೆ ತಕ್ಕಂತೆ ಬದಲಿಸಿಕೊಳ್ಳಿ. ನಾನು ಬೆಕ್ಕಿನ ಮೇಲೆ ಹಾಕಿದ್ದೇನೆ.

ಕೊನೆಗೆ ಎಲ್ಲರಿಗೂ ಬರುವ ಒಂದು ಫಜೀತಿ. ನೀವು ಬಾಯಿ ತೆರೆದ ಕೂಡಲೇ ಮುಂದಿನ ಬೆಂಚಿನಿಂದ 'ಸಾರ್, ಈ ಕಥೆ ನಂಗೊತ್ತು!' ಅಂತ ಒಬ್ಬ ಎದ್ದು ನಿಲ್ಲುತ್ತಾನೆ. ಅಣ್ಣನದೋ ಅಕ್ಕನದೋ ಪುಸ್ತಕದಲ್ಲಿ ಓದಿರುತ್ತಾನೆ. ಕೂರಿಸಬೇಡಿ. ಮುಂದೆ ಕರೆದು, ಚೀಟಿ ಅವನ ಕೈಗೆ ಕೊಟ್ಟು, ಭಾಗವತರ ಜಾಗದಲ್ಲಿ ನಿಲ್ಲಿಸಿ. ನಾನು ಒಂದು ಸಾಲು ಬಿಟ್ಟರೆ ನೆನಪಿಸು, ಉತ್ತರ ಮಾತ್ರ ಹೊರಗೆ ಬಿಡಬೇಡ ಎಂದು ಕಿವಿಯಲ್ಲಿ ಹೇಳಿ. ಇಡೀ ಪೀರಿಯಡ್ ಆ ಗುಟ್ಟನ್ನು ತುಟಿ ಬಿಗಿದು ಕಾಯುತ್ತಾನೆ. ನನ್ನ ಚೀಟಿಯಲ್ಲಿ ಮಸ್ಕಿಯ ಇಸವಿ ತಪ್ಪಾಗಿ 1951 ಎಂದು ಬರೆದಿದ್ದನ್ನು ಹಿಡಿದವನೂ ಅಂಥವನೇ ಒಬ್ಬ.